ಕಂಪನಿಯದಲ್ಲದ ಬಾನೆಟ್ಟು

ಕಾರನ್ನು ಮಾರುವುದೆಂದು ತೀರ್ಮಾನವಾದ ದಿನ ನಾನು ಅದರ ಎಡಗಡೆ ಸೀಟಿನ ಅಂಚು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಹಲಸೂರಿನ ಒಂದು ಹಿಂದಿನ ಗಲ್ಲಿಯಲ್ಲಿ ನಮ್ಮ ಮೇಸ್ತ್ರಿಯ ಶೆಡ್ಡು. ಹಳೆ ಕಾರುಗಳ ಎಂಜಿನ್ ಕೆಲಸ ಅವನದು, ಕುಶನ್ ಕೆಲಸ ನನ್ನದು. ಸೀಟು, ಬಾಗಿಲಿನ ಒಳಹೊದಿಕೆ, ಕ್ಯಾನ್ವಾಸಿನ ಟಾಪು, ಹೊಲಿಗೆ ಬೇಕಾದದ್ದೆಲ್ಲ ನನ್ನ ಮಿಷನ್ನಿಗೆ ಬರುತ್ತದೆ. ಕಾರಿನ ಒಡತಿ ನಿವೃತ್ತ ಡಾಕ್ಟರು. ಅವರು ಆಟೋದಿಂದ ಇಳಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನೀರು ಕೇಳಿ ಕುಡಿದು, ಆಮೇಲೆ ಹೇಳಿದರು.

“ನನ್ನ ಮಂಡಿ ಇನ್ನು ಈ ಕಾರಿಗೆ ಬಗ್ಗಲ್ಲ ಮೇಸ್ತ್ರಿ. ಮೊನ್ನೆ ಕೂತ್ಕೊಂಡೆ. ಎದ್ದೇಳಿಸೋಕೆ ವಾಚ್‌ಮನ್ನು, ಹಾಲಿನವನು ಇಬ್ರೂ ಬರ್ಬೇಕಾಯ್ತು. ಫ್ಲಾಟಿಗೆ ಬೇರೆ ಹೋಗ್ತಿದೀನಿ. ಮಾರ್ಬಿಡೋಣ, ಓಡಿಸೋರ ಕೈಗೆ ಹೋಗ್ಲಿ.”

“ಮಂಡಿ ನಮ್ಮ ಲೈನ್ ಅಲ್ಲ ಮೇಡಂ. ಇಲ್ಲಾಂದ್ರೆ ಗ್ರೀಸ್ ಹೊಡ್ದು ಕಳಿಸ್ತಿದ್ದೆ,” ಎಂದ ಮೇಸ್ತ್ರಿ.

ನಾವು ನಕ್ಕೆವು. ಚಾಚಾ ಮಾತ್ರ ನಗಲಿಲ್ಲ. ಚಾಚಾ ಎಂದರೆ ನಮ್ಮ ಟಿಂಕರ್, ತಗಡು ಬಡಿದು ಆಕಾರಕ್ಕೆ ತರುವವರು. ಶಿವಾಜಿನಗರದವರು, ಎಪ್ಪತ್ತು ದಾಟಿತ್ತು. ಎರಡು ವರ್ಷದಿಂದ ಕಣ್ಣು ಮಂಜಾಗಿ, ಬಲಗೈಯ ಹಿಡಿತವೂ ಕಡಿಮೆಯಾಗಿ, ದೊಡ್ಡ ಕೆಲಸ ಬಿಟ್ಟಿದ್ದರು. ಆದರೂ ದಿನಾ ಹತ್ತಕ್ಕೆ ಬಂದು ಸಣ್ಣಪುಟ್ಟದ್ದು ಮಾಡಿಕೊಡುತ್ತಿದ್ದರು. ಅವರು ಎದ್ದು ಹೋಗಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು.

ಆ ಕಾರಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಇಂಗ್ಲೆಂಡಿನಲ್ಲಿ ಅರವತ್ತು ವರ್ಷಗಳಿಗೂ ಹಿಂದೆ ತಯಾರಾದ, ಎರಡೇ ಸೀಟಿನ ತೆರೆದ ಕಾರು. ಸಣ್ಣ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಂ ಚರ್ಮ. ಒಳಗೆ ಕೂತು ಕೈ ಇಳಿಬಿಟ್ಟರೆ ಬೆರಳು ರಸ್ತೆಗೆ ತಾಗುತ್ತದೆ. ಹಗುರವೆಂದರೆ, ಶೆಡ್ಡಿನಲ್ಲಿ ಜಾಗ ಬದಲಿಸಬೇಕಾದಾಗ ಮೇಸ್ತ್ರಿ ನನ್ನನ್ನೇ ಕರೆಯುತ್ತಿದ್ದ. ಇಬ್ಬರೂ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದೆವು. ನಮ್ಮ ದೇಶದಲ್ಲಿ ಅಂಥವು ಬೆರಳೆಣಿಕೆಯಷ್ಟು ಇವೆಯಂತೆ. ಡಾಕ್ಟರ್ ಮೇಡಂ ಅವರ ತಂದೆ ಕೊಂಡಿದ್ದು. ಮೇಡಂ ಅದರಲ್ಲೇ ಆಸ್ಪತ್ರೆಗೆ ಹೋಗಿ ಬಂದವರು.

ಎಂಟು ವರ್ಷದ ಹಿಂದೆ ಒಂದು ಸಂಜೆಯ ಗಾಳಿಮಳೆಗೆ ಮೇಡಂ ಮನೆ ಮುಂದಿನ ಮರದ ಕೊಂಬೆ ಮುರಿದು ಈ ಕಾರಿನ ಮೂತಿಯ ಮೇಲೆ ಬಿದ್ದಿತ್ತು. ಇದರ ಬಾನೆಟ್ಟು ಬೇರೆ ಕಾರುಗಳಂತಲ್ಲ. ಎರಡು ಮಡ್‌ಗಾರ್ಡು, ದೀಪದ ಗುಳಿಗಳು, ಮೂತಿ ಎಲ್ಲ ಸೇರಿ ಒಂದೇ ತುಂಡು. ಮುಂದಕ್ಕೆ ಮಗುಚಿ ತೆರೆಯುತ್ತದೆ. ಅದು ಕೈಯಲ್ಲಿ ಹಿಂಡಿದ ಕಾಗದದಂತಾಗಿತ್ತು. ಚಾಚಾ ಅದರ ಸುತ್ತ ಎರಡು ಸುತ್ತು ಹಾಕಿ, “ಇದನ್ನ ನೇರ ಮಾಡಕ್ಕೆ ಹೋದ್ರೆ ಬಿರುಕು ಬಿಡ್ತದೆ. ಹೊಸದೇ ಮಾಡ್ಬೇಕು,” ಎಂದರು. “ಎಷ್ಟು ದಿನ?” ಎಂದರು ಮೇಡಂ. “ಅದು ನಂಗೆ ಗೊತ್ತಿಲ್ಲ, ಶೀಟಿಗೆ ಗೊತ್ತು.”

ಹನ್ನೊಂದು ತಿಂಗಳು ಹಿಡಿಯಿತು. ಎಡಗಡೆ ಅರ್ಧ ಅಷ್ಟಾಗಿ ನಜ್ಜಾಗಿರಲಿಲ್ಲ. ನನ್ನ ಕಟಿಂಗ್ ಟೇಬಲಿನ ರಟ್ಟು ತೆಗೆದುಕೊಂಡು ಅದರ ಉಬ್ಬುತಗ್ಗುಗಳಿಗೆ ಅಳತೆಯ ರಟ್ಟುಗಳನ್ನು ಕತ್ತರಿಸಿ, ಅವನ್ನೇ ತಿರುವಿ ಬಲಗಡೆಗೆ ಬಳಸಿದರು. ಮರಳು ತುಂಬಿದ ಚರ್ಮದ ಚೀಲ ಹೊಲಿದುಕೊಟ್ಟವಳು ನಾನು. ಅದರ ಮೇಲೆ ಶೀಟು ಇಟ್ಟು ಮರದ ಸುತ್ತಿಗೆಯಿಂದ ಬಡಿಯುವುದು. ಅಲ್ಯುಮಿನಿಯಂ ಬಡಿದಷ್ಟೂ ಗಟ್ಟಿಯಾಗುತ್ತದೆ. ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಆದರೆ ಕಬ್ಬಿಣದಂತೆ ಅದು ಕೆಂಪಾಗಿ ಎಚ್ಚರಿಸುವುದಿಲ್ಲ, ನೋಡನೋಡುತ್ತಿದ್ದಂತೆ ಕರಗಿ ತೂತಾಗಿಬಿಡುತ್ತದೆ. ಅದಕ್ಕೆ ಚಾಚಾ ಶೀಟಿನ ಮೇಲೆ ಬಟ್ಟೆ ಸೋಪು ಉಜ್ಜಿ, ಗ್ಯಾಸಿನ ಉರಿ ಆಡಿಸುತ್ತಿದ್ದರು. ಸೋಪು ಕಪ್ಪಾದ ಕೂಡಲೇ ಉರಿ ತೆಗೆಯಬೇಕು. ನನ್ನ ಆ ವರ್ಷದ ಡೈರಿಯಲ್ಲಿ “ಚಾಚಾಗೆ ಸೋಪು ಒಂದು” ಎಂದು ವಾರಕ್ಕೊಮ್ಮೆ ಬರುತ್ತದೆ.

ಮೊದಲು ಬಡಿದ ಬಾನೆಟ್ಟು ದೀಪದ ಗುಳಿಯ ಹತ್ತಿರ ಸೀಳಿತು. ಎರಡನೆಯದು ನಾಲ್ಕು ತಿಂಗಳ ಕೆಲಸ. ನಮ್ಮ ಕಣ್ಣಿಗೆ ಏನೂ ಕೊರತೆ ಕಾಣಲಿಲ್ಲ. ಚಾಚಾ ದೂರ ಹೋಗಿ, ಕುಕ್ಕರಗಾಲಲ್ಲಿ ಕೂತು ನೋಡಿ, “ಬಲಗಣ್ಣು ನಿದ್ದೆ ಮಾಡ್ತಿದೆ,” ಎಂದು ಅದನ್ನು ಪಕ್ಕಕ್ಕಿಟ್ಟರು. ಅಳೆದರೆ ಆ ದೀಪದ ಉಬ್ಬು ಒಂದು ಕಡಲೆಕಾಳಿನಷ್ಟು ತಗ್ಗಾಗಿತ್ತು. ಮೂರನೆಯದು ಕಾರಿನ ಮೇಲೆ ಕೂತಿತು. ಕೊನೆಯ ದಿನಗಳಲ್ಲಿ ನನ್ನಿಂದ ತೆಳು ಮಲ್ಲಿನ ಬಟ್ಟೆಯ ತುಂಡು ತೆಗೆದುಕೊಂಡು, ಅದನ್ನು ಅಂಗೈ ಕೆಳಗೆ ಹಿಡಿದು ಸವರುತ್ತಿದ್ದರು. ಬರಿಗೈಗೆ ಗೊತ್ತಾಗದ ಉಬ್ಬು ಬಟ್ಟೆ ಜಾರುವಾಗ ಗೊತ್ತಾಗುತ್ತದಂತೆ. ತಗ್ಗು ಮುಚ್ಚಲು ಒಂದು ಚಿಟಿಕೆ ಪುಟ್ಟಿಯನ್ನೂ ಮೆತ್ತಲಿಲ್ಲ. ಬಾಗಿಲಿಗೂ ಬಾನೆಟ್ಟಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಸಮ. ನನ್ನ ಸೂಜಿಯ ದಪ್ಪ.

ನಾವು ಕುಶನ್‌ನವರು ಸೀಟಿನ ಹಲಗೆಯ ತಳದಲ್ಲಿ ತಾರೀಖು, ಹೆಸರು ಬರೆಯುತ್ತೇವೆ. ನೀವೂ ಒಂದು ಗುರುತು ಹಾಕಿ ಎಂದಿದ್ದೆ. “ನಕ್ಕೊ ಬೇಟಿ, ಬೇಡ. ನಾನು ಮುಟ್ಟಿದ್ದೀನಿ ಅಂತ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅದು ಟಿಂಕರಿಂಗ್ ಅಲ್ಲ,” ಎಂದಿದ್ದರು. ನಜ್ಜಾದ ಹಳೆ ಬಾನೆಟ್ಟು ಗುಜರಿಗೆ ಹೋಯಿತು. ಅದನ್ನು ಇಟ್ಟುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾರಾಟಕ್ಕೆ ಕಾರು ಸಿದ್ಧ ಮಾಡಲು ಮೂರು ವಾರ ಹಿಡಿಯಿತು. ಮೇಸ್ತ್ರಿ ಕಾರ್ಬೊರೇಟರ್ ಬಿಚ್ಚಿ ತೊಳೆದ, ಬ್ರೇಕಿನ ರಬ್ಬರುಗಳನ್ನು ಬದಲಿಸಿದ, ಚಕ್ರದ ತಂತಿಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಿ ಬಿಗಿ ಮಾಡಿದ. ನಾನು ಟಾಪಿನ ಕ್ಯಾನ್ವಾಸಿಗೆ ಹೊಸ ಅಂಚು ಕೊಟ್ಟೆ. ಮೇಡಂ ಹಳೆ ಕಾರುಗಳ ಒಂದು ಜಾಲತಾಣದಲ್ಲಿ ಫೋಟೊ ಹಾಕಿಸಿದರು. ಬೇರೆ ರಾಜ್ಯದ ಒಬ್ಬ ಸಂಗ್ರಾಹಕರು ಆಸಕ್ತಿ ತೋರಿ, ತಮ್ಮ ಪರವಾಗಿ ಒಬ್ಬ ಪರೀಕ್ಷಕನನ್ನು ಕಳಿಸಿದರು. ಕೊಳ್ಳುವವರನ್ನು ನಾವು ಕಡೆಯವರೆಗೂ ನೋಡಲಿಲ್ಲ. ನೋಡಿದ್ದು ಈ ಪರೀಕ್ಷಕನನ್ನೇ. ಬೆಂಗಳೂರಿನವನೇ, ನಲವತ್ತರ ಆಸುಪಾಸು, ಮರ್ಯಾದಸ್ಥ.

ಅವನು ಬೆಳಿಗ್ಗೆ ಬಂದವನು ಸಂಜೆಯವರೆಗೂ ಕಾರಿನ ಸುತ್ತಲೇ ಇದ್ದ. ಟಾರ್ಚು, ಪುಟ್ಟ ಕನ್ನಡಿ, ಬಣ್ಣದ ದಪ್ಪ ಅಳೆಯುವ ಒಂದು ಮಿಷನ್ನು. ನನ್ನ ಚಾಪೆ ಕೇಳಿ ಪಡೆದು ಕಾರಿನ ಕೆಳಗೆ ಮಲಗಿದ. ಸೀಟು ಎತ್ತಿಸಿ ತಳದಲ್ಲಿ ನನ್ನ ಕೈಬರಹ ನೋಡಿ ಖುಷಿಯಿಂದ ಫೋಟೊ ತೆಗೆದ.

“ಇದು ನೀವು ಬರ್ದಿದ್ದಾ ಮೇಡಂ? ಸೂಪರ್. ಇದನ್ನ ಅಳಿಸ್ಬೇಡಿ.”

“ಸೀಟು ಹೊಸ ಹೊದಿಕೆ ಸಾರ್, ತೊಂದ್ರೆ ಇಲ್ವಾ?” ಎಂದೆ.

“ಸೀಟ್ ಸವೆಯೋ ವಸ್ತು. ಅದು ನಡೆಯುತ್ತೆ. ಬಾಡಿ ಮುಖ್ಯ.”

ಆಮೇಲೆ ಬಾನೆಟ್ಟಿಗೆ ಬಂದ. ಇಂಚಿಂಚಿಗೆ ಮಿಷನ್ನು ಇಟ್ಟ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ತೆರೆದು ಒಳಗಡೆ ಕನ್ನಡಿ ಹಿಡಿದ. ಎದ್ದು ನಿಂತು ಕೈ ಒರೆಸಿಕೊಳ್ಳುತ್ತಾ, “ಚೂರು ಪುಟ್ಟಿ ಇಲ್ಲ ಗುರು! ಫ್ಯಾಕ್ಟರಿ ಬಾನೆಟ್ಟು. ಇಷ್ಟು ವರ್ಷ ಹಿಂಗೇ ಉಳ್ಕೊಂಡಿರೋದು ನಾನು ನೋಡೇ ಇಲ್ಲ,” ಎಂದ.

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಚಾಚಾನ ಮುಖ ನೋಡಿದೆ. ಚಾಚಾ ಕೈಯಲ್ಲಿ ಟೀ ಗ್ಲಾಸು ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಮೇಡಂ ಅಲ್ಲಿ ಇರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಸುಳ್ಳು ಹೇಳಬೇಕೆಂದಲ್ಲ, ಅಂಥ ಮಾತು ಕೇಳಿದ ಮೇಲೆ ಏನು ಹೇಳಬೇಕೆಂದು ನಮಗೆ ತಿಳಿಯಲಿಲ್ಲ.

ಅವನು ಹೋದ ಮೇಲೆ ಚಾಚಾ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. “ಕಂಪನಿದಂತೆ! ಕೇಳಿದ್ರೇನ್ರೋ, ಕಂಪನಿ ಅಂದ್ರೆ ನಾನೇ!”

“ಹಂಗಾದ್ರೆ ಕಂಪನಿ ಕಡೆಯಿಂದ ಟೀ ಬರ್ಲಿ,” ಎಂದ ಮೇಸ್ತ್ರಿ.

ಚಾಚಾ ಎಲ್ಲರಿಗೂ ಟೀ, ಬೆಣ್ಣೆ ಬನ್ನು ತರಿಸಿದರು.

ಹೋಗುವ ಮುಂಚೆ ಪರೀಕ್ಷಕ ಒಂದು ಕೆಲಸ ಹೇಳಿದ್ದ. ಇಂಥ ಕಾರಿನ ಜೊತೆ ಅದರ ಚರಿತ್ರೆಯ ಫೈಲು ಹೋಗಬೇಕಂತೆ: ಯಾವಾಗ ಏನು ಕೆಲಸವಾಯಿತು, ಯಾರು ಮಾಡಿದರು, ಏನು ಬದಲಾಯಿತು. ಮೇಡಂ ಹತ್ತಿರ ಆರ್‌ಸಿ ಪುಸ್ತಕವೂ ನಾಲ್ಕು ಫೋಟೊಗಳೂ ಇದ್ದವು, ಅಷ್ಟೇ. “ನಮ್ಮಕ್ಕನ ಹತ್ರ ಎಲ್ಲಾ ಇದೆ,” ಎಂದ ಮೇಸ್ತ್ರಿ. ಹೌದು. ಯಾವ ಕಾರಿಗೆ ಯಾವ ರೆಕ್ಸಿನ್, ಎಷ್ಟು ಮೀಟರ್ ಎಂದು ನೆನಪಿಡಲು ಶುರು ಮಾಡಿದ ಡೈರಿ, ಬರುಬರುತ್ತಾ ಶೆಡ್ಡಿನ ದಿನಚರಿಯೇ ಆಗಿತ್ತು. ಅದರಿಂದ ಈ ಕಾರಿನ ಭಾಗವನ್ನಷ್ಟೇ ನಾನು ಚೊಕ್ಕವಾಗಿ ನಕಲು ಮಾಡಬೇಕು. ಮೇಡಂ ಅದನ್ನು ಇಂಗ್ಲಿಷಿಗೆ ಮಾಡುತ್ತಾರೆ.

ಶನಿವಾರ ಸಂಜೆ ಮೇಸ್ತ್ರಿ ನನ್ನ ಮಿಷನ್ನಿನ ಹತ್ತಿರ ಬಂದು ಸ್ವರ ತಗ್ಗಿಸಿದ. “ಅಕ್ಕಾ, ಆ ಹನ್ನೊಂದು ತಿಂಗ್ಳು ಹಾರಿಸ್ಬಿಡಿ. ಅವ್ನೇ ಫ್ಯಾಕ್ಟರಿ ಅಂದ. ನಾವೇನೂ ಹೇಳಿಲ್ವಲ್ಲ.”

“ಚಾಚಾ ಏನಂತಾರೆ?”

“ಚಾಚಾ ಏನಂತಾರೆ? ನಗ್ತಾರೆ.”

ಆ ಸಂಜೆ ಚಾಚಾ ನನ್ನ ಜೊತೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲವರೆಗೂ ನಡೆದು ಬಂದರು. ಅವರ ದಾರಿ ಅದಲ್ಲ. ಹೂವಿನ ಅಂಗಡಿ ದಾಟುವವರೆಗೂ ಹವಾಮಾನದ ಮಾತೇ ಆಡಿದರು. ಮೆಟ್ಟಿಲ ಹತ್ತಿರ ನಿಂತು, ನನ್ನನ್ನು ನೋಡದೆ ಹೇಳಿದರು:

“ಬೇಟಿ, ಒಂದ್ಮಾತು. ನನ್ನ ಹೆಸ್ರು ಬರಿಯೋ ಹಂಗಿದ್ರೆ... ಬರಿಯೋ ಹಂಗಿದ್ರೆ ಮಾತ್ರ... ನಮ್ಮ ಅಬ್ಬಾ ಹೆಸ್ರೂ ಸೇರಿಸ್ತೀಯಾ? ಕೈ ಹಿಡ್ದು ಕೆಲ್ಸ ಕಲಿಸಿದ್ದು ಅವ್ರು.”

“ಬರೀಬೇಕು ಅಂತೀರಾ ಚಾಚಾ?”

“ನಿನ್ನಿಷ್ಟ. ನನ್ದೇನೂ ಇಲ್ಲ. ಇನ್ನೊಂದು ಇಂಥದ್ದು ಈ ಕೈಯಲ್ಲಿ ಆಗಲ್ಲ, ಅದಕ್ಕೆ ಕೇಳ್ದೆ.”

ಬೈಯಪ್ಪನಹಳ್ಳಿಯಲ್ಲಿ ನಮ್ಮದು ಒಂದು ರೂಮಿನ ಬಾಡಿಗೆ ಮನೆ. ಭಾನುವಾರ ಜೋಳದ ರೊಟ್ಟಿ ಬಡಿದಿಟ್ಟು, ಮಧ್ಯಾಹ್ನ ಬಾಗಿಲ ಬೆಳಕಿಗೆ ಕೂತು ನಕಲು ಮಾಡಿದೆ. ಕೊಂಬೆ ಬಿದ್ದ ದಿನದ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಹಾರಿಸುವುದು ಸುಲಭವಿತ್ತು. ಹಿಂದಿನ ಪುಟದಲ್ಲಿ ಟಾಪಿನ ಕೆಲಸ, ಹನ್ನೊಂದು ತಿಂಗಳ ಮುಂದೆ ಚಕ್ರದ ಕೆಲಸ. ಯಾರಿಗೂ ಬಿರುಕು ಕಾಣುತ್ತಿರಲಿಲ್ಲ.

ನಾನು ಬರೆದೆ. ಎಲ್ಲವನ್ನೂ ಬರೆದೆ: ರಟ್ಟು, ಮರಳಿನ ಚೀಲ, ಸೋಪು, ಸೀಳಿದ್ದು, ನಿದ್ದೆ ಮಾಡಿದ ಬಲಗಣ್ಣು. ಚಾಚಾ ಹೆಸರನ್ನು ಅವರ ತಂದೆಯ ಹೆಸರಿನೊಂದಿಗೆ ಬರೆದು ಕೆಳಗೆ ಗೆರೆ ಎಳೆದೆ. ಕೊಳ್ಳುವವರಿಗೆ ಮೋಸವಾಗಬಾರದು ಎನ್ನುವುದು ಒಂದು ಕಾರಣ. ನನ್ನ ಹೆಸರು ಸೀಟಿನ ಕೆಳಗೆ ಇರುವಾಗ ಅವರದು ಎಲ್ಲೂ ಇಲ್ಲ ಎನ್ನುವುದು ಇನ್ನೊಂದು. ಮೂರನೆಯದನ್ನು ಈಗ ಹೇಳಿಕೊಳ್ಳಲು ನಾಚಿಕೆ. ಒಬ್ಬ ಮನುಷ್ಯ ಬರಿಗೈಯಲ್ಲಿ ಇದನ್ನು ಬಡಿದ ಎಂದು ಗೊತ್ತಾದರೆ ಆ ಕಾರಿಗೆ ಮರ್ಯಾದೆ ಹೆಚ್ಚುತ್ತದೆ ಎಂದುಕೊಂಡಿದ್ದೆ. ನಮ್ಮ ಕಸುಬಿನಲ್ಲಿ ಹಾಗೇ. ಕೈ ಆಡಿದಷ್ಟೂ ಬೆಲೆ. ಅವರ ಲೋಕದಲ್ಲಿ ಯಾರ ಕೈಯೂ ಆಡದಿದ್ದರೆ ಬೆಲೆ ಎನ್ನುವುದು ನನಗೆ ಗೊತ್ತಿರಲಿಲ್ಲ. “ಬಾಡಿ ಮುಖ್ಯ” ಎಂದು ಪರೀಕ್ಷಕ ನನ್ನ ಎದುರೇ ಹೇಳಿದ್ದ. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೂ ಇದ್ದೆ. ಅರ್ಥವಾಗಿರಲಿಲ್ಲ.

ಮೇಡಂ ಓದಿ ಕನ್ನಡಕ ತೆಗೆದರು. “ಇದು ಇರ್ಲೇಬೇಕು. ಅವ್ರು ಫ್ಯಾಕ್ಟರಿ ಅಂದಿದ್ದು ನಂಗ್ಯಾಕೆ ಹೇಳಿಲ್ಲ ನೀವು?” ಎಂದು ನಮ್ಮನ್ನು ಗದರಿ, ತಾವೇ ಇಂಗ್ಲಿಷಿಗೆ ಮಾಡಿ ಕಳಿಸಿದರು. ಚಾಚಾಗೆ ಆ ಪುಟವನ್ನು ಓದಿ ಹೇಳಿದೆ. ತಂದೆಯ ಹೆಸರು ಬಂದಾಗ ಇನ್ನೊಮ್ಮೆ ಓದಿಸಿದರು.

ಹತ್ತು ದಿನದ ಮೇಲೆ ಪರೀಕ್ಷಕ ಬಂದ. ಫೋನಿನಲ್ಲಿ ಹೇಳಬಹುದಾಗಿದ್ದನ್ನು ಹೇಳಲು ಅಷ್ಟು ದೂರ ಬಂದ, ಅದು ಅವನ ದೊಡ್ಡತನ. ಮೇಡಂ ಕೂಡ ಇದ್ದರು. ಅವನು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಚಾಚಾ, ಮೊದಲು ನಿಮ್ಮ ಕೈಗೆ ನಮಸ್ಕಾರ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ನಂಗೇ ಗೊತ್ತಾಗ್ಲಿಲ್ಲ. ಆದ್ರೆ... ಅವ್ರಿಗೆ ಕಂಪನಿದೇ ಬೇಕಂತೆ. ಹೊರದೇಶದಲ್ಲಿ ಇದೇ ಮಾಡೆಲ್ಲು ಒಂದನ್ನ ಬಿಚ್ಚಿ ಬಿಡಿಬಿಡಿಯಾಗಿ ಮಾರಿದ್ದಾರೆ. ಅದರ ಬಾನೆಟ್ಟು ಸಿಕ್ಕಿದೆ. ತರಿಸ್ತಾರೆ. ಅದನ್ನ ಕೂರಿಸಿ ಇದನ್ನ ತೆಗೆದ್ರೆ ಕಾರು ತಗೋತಾರೆ. ಇಲ್ಲಾಂದ್ರೆ ಇಲ್ಲ.”

ಮೇಡಂ ಮುಖ ಕೆಂಪಾಯಿತು. “ಹಾಗಾದ್ರೆ ಬೇಡ. ಕೊಡಲ್ಲ ಅಂತ ಹೇಳಿ.”

ಚಾಚಾ ತಮ್ಮ ಸ್ಟೂಲಿನ ಮೇಲಿಂದ, “ಕೊಡಿ ಮೇಡಂ,” ಎಂದರು.

“ಏನ್ ಚಾಚಾ ನೀವು?”

“ಇದು ಓಡೋ ಸಾಮಾನು. ನಿಂತ್ರೆ ಸಾಯ್ತದೆ. ಎರಡು ವರ್ಷ ಶೆಡ್ಡಲ್ಲಿ ಇಡಿ, ಟ್ಯಾಂಕ್ ತುಕ್ಕು, ಟಯರ್ ಚಪ್ಪಟೆ, ಇಲಿ ಬಂದು ಬೇಟಿ ಮಾಡಿದ ಸೀಟಲ್ಲಿ ಮರಿ ಹಾಕ್ತದೆ. ಒಂದು ಬಾನೆಟ್ಗೋಸ್ಕರ ಇಡೀ ಕಾರು ಸಾಯ್ಬೇಕಾ? ನೀವು ಡಾಕ್ಟರು, ನಿಮಗೆ ನಾನು ಹೇಳ್ಬೇಕಾ?”

ಮೇಡಂ ಒಪ್ಪಿ ತಲೆಯಾಡಿಸಲು ತುಂಬ ಹೊತ್ತು ಹಿಡಿಯಿತು.

ಹೊರಡುವಾಗ ಪರೀಕ್ಷಕ ಫೈಲಿನಿಂದ ಕೆಲವು ಹಾಳೆ ತೆಗೆದು ನನ್ನ ಕೈಗೆ ಕೊಟ್ಟ. ಹನ್ನೊಂದು ತಿಂಗಳ ಹಾಳೆಗಳು. “ಆ ಬಾನೆಟ್ಟೇ ಕಾರಲ್ಲಿ ಇರಲ್ವಲ್ಲ ಮೇಡಂ, ಇವು ಫೈಲಲ್ಲಿ ಬೇಕಾಗಲ್ಲ. ನೀವೇ ಇಟ್ಕೊಳಿ.” ಸೀಟಿನ ಹಾಳೆಯನ್ನು ಮಾತ್ರ ಒಳಗೇ ಉಳಿಸಿಕೊಂಡ. ನನ್ನ ಹೆಸರು ಆ ಕಾರಿನೊಂದಿಗೆ ಹೋಗುತ್ತದೆ. ಬರೆಯದೆ ಬಿಟ್ಟಿದ್ದರೆ ಚಾಚಾನ ಬಾನೆಟ್ಟಾದರೂ ಹೋಗುತ್ತಿತ್ತು.

ಆ ವಾರ ನಾನು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಚಾಚಾ ಫೋನ್ ಮಾಡಿ, “ಸೂಜಿ ಚುಚ್ಕೊಂಡ್ಯಾ? ಇಲ್ಲಾಂದ್ರೆ ಬಾ. ಮೇಸ್ತ್ರಿ ನನ್ನ ತಲೆ ತಿಂತಿದಾನೆ,” ಎಂದು ಇಟ್ಟರು. ಆ ವಿಷಯ ಅವರು ನನ್ನೊಂದಿಗೆ ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಹೊರದೇಶದ ಬಾನೆಟ್ಟಿನ ಪೆಟ್ಟಿಗೆ ಬರಲು ಒಂದೂವರೆ ತಿಂಗಳಾಯಿತು. ಆಳೆತ್ತರದ ಮರದ ಪೆಟ್ಟಿಗೆ. ಅದನ್ನು ಬಿಚ್ಚುವ ಮೊದಲು ಚಾಚಾ ತಮ್ಮ ಬಾನೆಟ್ಟನ್ನು ತಾವೇ ತೆಗೆಯುತ್ತೇನೆ ಎಂದರು. ದೀಪಗಳ ವೈರು ಬಿಡಿಸಿದರು, ಮುಂದಿನ ಎರಡು ಕೀಲುಗಳ ಬೋಲ್ಟು ಬಿಚ್ಚಿದರು. ಬಲಗೈಯ ಹಿಡಿತ ಸೋತಾಗ ಸ್ಪ್ಯಾನರನ್ನು ಎಡಗೈಗೆ ದಾಟಿಸಿದರು. ಮೇಸ್ತ್ರಿ ಸಹಾಯಕ್ಕೆ ಬಂದರೆ, “ನೀನು ಎಂಜಿನ್ನಿನವ್ನು, ಸೊಟ್ಟ ಮಾಡ್ತೀಯ. ಬೇಟಿ, ನೀನು ಆ ಕಡೆ ಹಿಡ್ಕೊ,” ಎಂದರು. ಎತ್ತಿದೆವು. ಇಷ್ಟಗಲದ ವಸ್ತು ಒಣಗಿದ ಬಟ್ಟೆಯ ಬುಟ್ಟಿಯಷ್ಟೂ ಭಾರವಿರಲಿಲ್ಲ. ನನ್ನ ಚಾಪೆಯ ಮೇಲೆ ಇಳಿಸಿದೆವು.

ಪೆಟ್ಟಿಗೆಯಿಂದ ಬಂದದ್ದಕ್ಕೆ ಬಣ್ಣವಿರಲಿಲ್ಲ. ಮಾಸಿದ ಬೂದು ಲೋಹ, ಒಂದು ಮೂಲೆಯಲ್ಲಿ ಹಳೆಯ ಹಸಿರು ಬಣ್ಣದ ಕಲೆ. ಚಾಚಾ ಅದನ್ನು ಮಗುಚಿ ಹಾಕಿಸಿದರು. ಕನ್ನಡಕ ತೆಗೆದು ಜೇಬಿಗಿಟ್ಟು, ಟಾರ್ಚು ಅಡ್ಡ ಹಿಡಿದು, ಒಳಮೈಯ ಮೇಲೆ ಬೆರಳಾಡಿಸಿದರು. ತುಂಬ ಹೊತ್ತು ಹಾಗೇ ಇದ್ದರು.

“ಬೇಟಿ, ಇಲ್ಲಿ ಬಾ. ಕೈ ಕೊಡು.” ನನ್ನ ಬೆರಳನ್ನು ಹಿಡಿದು ಲೋಹದ ಮೇಲೆ ಎಳೆದರು. ಸಣ್ಣ ಸಣ್ಣ ತಗ್ಗುಗಳು ಸಾಲಾಗಿ ಸಿಕ್ಕವು. “ಸುತ್ತಿಗೆ ಏಟು. ಇದೂ ಕೈಯಲ್ಲೇ ಬಡ್ದಿದ್ದು. ಮಿಷನ್ ಅಲ್ಲ, ಏನಲ್ಲ. ಇವ್ನು ಎಡಗೈಯವ್ನು, ನೋಡು, ಏಟೆಲ್ಲ ಈ ಕಡೆಗೆ ವಾಲಿದೆ.”

ನಾನು ಅಂಚುಗಳನ್ನೂ ಮೂಲೆಗಳನ್ನೂ ಹುಡುಕಿದೆ. “ಹೆಸ್ರು ಎಲ್ಲೂ ಇಲ್ಲ ಚಾಚಾ.”

“ಹೆಂಗಿರ್ತದೆ?” ಎಂದರು. “ಒಳ್ಳೆ ಕೆಲ್ಸಗಾರ.”

ಅದನ್ನು ಕಾರಿನ ಮೇಲೆ ಇಟ್ಟೆವು. ಕೀಲುಗಳು ಹೊಂದಿದವು, ಎಡಗಡೆ ಸರಿಯಾಗಿ ಕೂತಿತು. ಬಲಗಡೆ ಬಾಗಿಲ ಹತ್ತಿರ ಒಂದೂವರೆ ಬೆರಳಿನಷ್ಟು ಸಂದು ಬಾಯಿ ಬಿಟ್ಟಿತ್ತು. ಆ ಕಾಲದಲ್ಲಿ ಒಂದೊಂದು ಬಾನೆಟ್ಟನ್ನೂ ಅದರದರ ಕಾರಿನ ಮೇಲೇ ಇಟ್ಟು ಬಡಿಯುತ್ತಿದ್ದರಂತೆ. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಮೇಸ್ತ್ರಿ ಎರಡು ದಿನ ಕೀಲಿನ ಕೆಳಗೆ ವಾಷರ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ. ಬಲಗಡೆ ಮುಚ್ಚಿದರೆ ಎಡಗಡೆ ತೆರೆಯುತ್ತಿತ್ತು.

ಮೂರನೇ ದಿನ ಪರೀಕ್ಷಕ ಬಂದು ನೋಡಿ, ಕುತ್ತಿಗೆ ಉಜ್ಜಿಕೊಂಡ. “ಚಾಚಾ, ನೀವೇ ಗತಿ. ಅಂಚನ್ನ ಸ್ವಲ್ಪ ಬಡ್ದು ಎಳೆದ್ರೆ ಕೂರುತ್ತಲ್ವಾ?”

“ಕೂರ್ತದೆ. ನಾಲ್ಕು ದಿನದ ಕೆಲ್ಸ. ಈ ಕೈಗೂ ಆಗ್ತದೆ.”

“ಮಾಡಿಕೊಡಿ ಮತ್ತೆ. ನಿಮ್ಮ ಕೈ ಅಂದ್ರೆ ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಲ್ಲ,” ಎಂದರು ಚಾಚಾ. “ಅದಕ್ಕೇ ನಕ್ಕೊ.”

ಮೇಸ್ತ್ರಿ, “ಚಾಚಾ, ಸುಮ್ನೆ ಹಠ ಯಾಕೆ?” ಎಂದ.

“ಹಠ ಅಲ್ಲಪ್ಪ. ಅದು ಅವ್ನ ಕೆಲ್ಸ. ಕೇಳೋಕೆ ಅವ್ನಿಲ್ಲ. ಸೊಟ್ಟ ಇದ್ರೆ ನೇರ ಮಾಡ್ತಿದ್ದೆ, ಮುರಿದಿದ್ರೆ ಜೋಡಿಸ್ತಿದ್ದೆ. ಇದ್ರಲ್ಲಿ ತಪ್ಪೇನಿದೆ? ಅವ್ನ ಕಾರು ಬೇರೆ, ಅಷ್ಟೇ. ನಂದು ಹೋಯ್ತು ಅಂತ ಅವ್ನದೂ ಅಳಿಸ್ಲಾ?”

ಪರೀಕ್ಷಕ ಒತ್ತಾಯ ಮಾಡಲಿಲ್ಲ. ಸಂದಿನ ಪಕ್ಕ ಅಳತೆಪಟ್ಟಿ ಹಿಡಿದು ಫೋಟೊ ತೆಗೆದ. ವರದಿಯಲ್ಲಿ ಮೂಲ ಬಾನೆಟ್ಟು, ಇದ್ದ ಸ್ಥಿತಿಯಲ್ಲೇ ಜೋಡಿಸಲಾಗಿದೆ ಎಂದು ಬರೆದ. ಕೊಳ್ಳುವವರು ಒಪ್ಪಿಕೊಂಡರು.

ಕಾರು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ಮುಚ್ಚಿದ ಲಾರಿಯಲ್ಲಿ, ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ಕಡೆಗೆ. ಲಾರಿಗೆ ಹತ್ತಿಸುವಾಗ ಆ ಸಂದಿನಿಂದ ಒಳಗಿನ ಚಕ್ರ ತಿರುಗುವುದು ಕಾಣುತ್ತಿತ್ತು. ಮೇಡಂ ಕಣ್ಣೊರೆಸಿಕೊಂಡರು. ಚಾಚಾ ಲಾರಿಯ ಚಾಲಕನಿಗೆ ಹಗ್ಗ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂದು ಎರಡು ಸಲ ಹೇಳಿದರು.

ಅವರ ಬಾನೆಟ್ಟು ನನ್ನ ಮಿಷನ್ನಿನ ಹಿಂದಿನ ಗೋಡೆಗೆ ಒರಗಿ ಎರಡು ತಿಂಗಳು ಇತ್ತು. ನಾನು ಅದಕ್ಕೆ ಹಳೆ ದುಪ್ಪಟಿ ಹೊದಿಸಿದ್ದೆ. ಮೇಡಂ ಇಂದಿರಾನಗರದ ಫ್ಲಾಟಿನ ಗೋಡೆಗೆ ತೂಗುಹಾಕುತ್ತೇನೆ ಎಂದರು. “ಅದೇನು ಜಿಂಕೆ ತಲೆನಾ ಮೇಡಂ, ಗೋಡೆಗೆ ಹೊಡಿಯೋಕೆ?” ಎಂದರು ಚಾಚಾ. ಚಾಚಾನ ಮನೆಯಲ್ಲಿ ಇಡೋಣವೆಂದರೆ ಎರಡು ಕೋಣೆ, ಏಳು ಜನ. ಶೆಡ್ಡಿಗೆ ಎರಡು ಹೊಸ ಕೆಲಸ ಬಂದು ಕಾಲಿಡಲು ಜಾಗವಿಲ್ಲದಾಯಿತು. ಮೇಸ್ತ್ರಿ ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ದಾಟುವಾಗಲೆಲ್ಲ ಅಡ್ಡ ತಿರುಗಿ ನಡೆಯುತ್ತಿದ್ದ.

ಆಗಲೇ ಬೇಕರಿಯವನೊಬ್ಬ ತನ್ನ ಬನ್ನು ಸಾಗಿಸುವ ಮೂರು ಚಕ್ರದ ಗಾಡಿ ತಂದ. ಹಿಂದಿನ ಪೆಟ್ಟಿಗೆಯ ಒಂದು ಬದಿ ತುಕ್ಕು ಹಿಡಿದು ಉದುರಿತ್ತು. ಅಲ್ಯುಮಿನಿಯಂ ಹಾಕಿ, ತುಕ್ಕು ಹಿಡಿಯಬಾರದು, ಭಾರ ಆಗಬಾರದು ಎಂದ. ಚಾಚಾ ಅಳತೆ ತೆಗೆದುಕೊಂಡರು. ಆಮೇಲೆ ನನ್ನ ಮಿಷನ್ನಿನ ಹಿಂದೆ ಹೋಗಿ ದುಪ್ಪಟಿ ಸರಿಸಿದರು.

“ಬೇಡ ಚಾಚಾ,” ಎಂದೆ. “ನಮ್ಮ ಮನೇಲಿ ಇಡ್ತೀನಿ.”

“ನಿಮ್ಮನೆ ಎಷ್ಟು ದೊಡ್ಡದು?”

“ಒಂದು ರೂಮು.”

“ಮಲಗೋದೆಲ್ಲಿ? ಇದ್ರ ಮೇಲಾ?” ನಕ್ಕರು. ನಾನು ನಗಲಿಲ್ಲ. ಅವರು ದುಪ್ಪಟಿಯನ್ನು ಮಡಿಚಿಡುತ್ತಾ ಹೇಳಿದರು. “ಶೀಟು ಚೆನ್ನಾಗಿದೆ ಬೇಟಿ. ಸುಮ್ನೆ ನಿಲ್ಲಿಸಿ ಏನ್ಮಾಡೋದು? ಬನ್ನಾದ್ರೂ ಸಾಗಿಸ್ಲಿ.”

ಉಬ್ಬುಗಳನ್ನು ಮೊದಲು ಇಳಿಸಬೇಕು. ಸೋಪು ಉಜ್ಜಿ, ಕಾಯಿಸಿ, ಹಲಗೆಯ ಮೇಲಿಟ್ಟು ಚಪ್ಪಟೆ ಬಡಿದರು. ಹನ್ನೊಂದು ತಿಂಗಳಲ್ಲಿ ಎದ್ದದ್ದು ಊಟದ ಹೊತ್ತಿಗೆ ಇಳಿಯಿತು. ದೀಪದ ಗುಳಿಗಳು ಬಗ್ಗಲಿಲ್ಲ. ಅವನ್ನು ಕತ್ತರಿಸಿಯೇ ತೆಗೆಯಬೇಕು ಎಂದರು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ತಗಡು ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದರು.

“ಬಾ, ಆ ತುದಿ ಹಿಡ್ಕೊ. ಅಲುಗಾಡಿಸ್ಬೇಡ, ಗೆರೆ ತಪ್ತದೆ.”

ನಾನು ಮಂಡಿಯೂರಿ ಕೂತು ಹಿಡಿದುಕೊಂಡೆ. ಕತ್ತರಿ ನನ್ನ ಕಡೆಗೆ ಬರುತ್ತಿತ್ತು. ಅವರ ಕಣ್ಣಿಗೆ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. “ಸ್ವಲ್ಪ ಬಲಕ್ಕೆ ಚಾಚಾ,” ಎಂದೆ. “ಹಾ, ಸಾಕು. ಈಗ ನೇರ ಬನ್ನಿ.”